ವಾರೆ ಹೆಗಲು

ಘಾಟಬೋರಾಳ
ಜನವರಿ ೨೨, ೨೦೨೫

ಶೀತಲಳ ಅಪ್ಪನವರಿಗೆ ಜಗದೇವಿಯ ನಮಸ್ಕಾರಗಳು.

ಹೇಗಿದ್ದೀರಿ? ಗಲ್ಲದ ತುರಿಕೆ ಕಡಿಮೆಯಾಯಿತೇ? ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಸೋಮಾರಿತನ ಮಾಡಬೇಡಿ. ಇಲ್ಲಿ ಎಲ್ಲರೂ ಆರಾಮ. ಅತ್ತೆಯವರ ಮೊಣಕಾಲು ಮಾತ್ರ ಚಳಿಗೆ ಹಟ ಹಿಡಿದಿದೆ. ಶೀತಲಳ ಮುಂದಿನ ಎರಡು ಹಲ್ಲು ಬಿದ್ದಿವೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಹೊಲದಲ್ಲಿ ಜೋಳ ಹಾಲುಗಾಳಾಗಿದೆ. ಫೋನಿನಲ್ಲಿ ನಿಮ್ಮ ಅಪ್ಪನ ಹೆಸರೆತ್ತಿದರೆ ಸಾಕು, 'ಶಾಟ್ ರೆಡಿ ಅದ' ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ. ಪಂಡರಿ ಕಾಕಾ ಇವತ್ತು ಹೈದರಾಬಾದಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ.

ಭಾನುವಾರ ಹುಮನಾಬಾದಿಗೆ ನಿಮ್ಮ ಸಿನಿಮಾ ನೋಡಲು ಹೋದೆವು. 'ನಾ ಅದರಾಗ ಇದ್ದೀನಿ, ನೋಡ್ರಿ' ಎಂದಷ್ಟೇ ಹೇಳಿದ್ದಿರಿ. ಅಷ್ಟಕ್ಕೇ ನಾನು ಓಣಿಯ ತುಂಬ ಡಂಗುರ ಸಾರಿ ಬಂದಿದ್ದೆ. ಎರಡು ಟಂಟಂ ಆಟೋ ತುಂಬ ಹೆಂಗಸರು. ಹೊರಡುವ ಹೊತ್ತಿಗೆ ಮಾವನವರು ಇಸ್ತ್ರಿಯ ಧೋತರ ಉಟ್ಟು, ಬಿಳಿ ರುಮಾಲು ಸುತ್ತಿ, ಯಾರನ್ನೂ ಕೇಳದೆ ಬಂದು ಮುಂದಿನ ಸೀಟಿನಲ್ಲಿ ಕೂತರು. ಮೂರು ವರ್ಷದ ಹಿಂದೆ ನೀವು ಸಿನಿಮಾ ಸೇರುತ್ತೇನೆಂದು ಕಣದಲ್ಲಿ ಅರ್ಧ ರಾಶಿ ಬಿಟ್ಟು ಹೊರಟ ದಿನ ಇವರೇ ಅಲ್ಲವೇ, 'ಪರದೇ ಮ್ಯಾಲೆ ನಿನ್ನ ಮಾರಿ ಕಂಡ ದಿನ ಮಾತಾಡ್ತೀನಿ, ಅಲ್ಲೀತನಕ ಈ ಹೊಸ್ತಿಲ ತುಳೀಬ್ಯಾಡ' ಎಂದವರು? ನೀವೂ ಅವರ ಮಗನೇ. ಅಂದಿನಿಂದ ಬಸವಕಲ್ಯಾಣದ ನನ್ನ ತವರಿಗೆ ಬಂದು, ನನ್ನನ್ನೂ ಮಗಳನ್ನೂ ಅಲ್ಲಿಗೇ ಕರೆಸಿಕೊಂಡು, ಕೆರೆಯ ದಂಡೆಯ ಮೇಲೆ ಎರಡು ದಿನ ಸುತ್ತಾಡಿಸಿ, ಹಾಗೆಯೇ ತಿರುಗಿ ಹೋಗುತ್ತೀರಿ.

ಸಿನಿಮಾ ಶುರುವಾಯಿತು. ಅರವತ್ತೆಂಟು ವರ್ಷದ ಹೀರೋ ಪರದೆಯ ಮೇಲೆ ಇಪ್ಪತ್ತೈದರ ಹುಡುಗನಾಗಿ ಬಂದ. ಕೆನ್ನೆಯಲ್ಲಿ ಒಂದು ಸುಕ್ಕಿಲ್ಲ. ಅತ್ತೆಯವರು ನನ್ನ ಕೈ ಹಿಡಿದು, 'ನಾ ಲಗ್ನಾಗಿ ಬಂದ ವರ್ಷ ಹಿಂಗs ಇದ್ದ ನೋಡವ್ವಾ, ಹ್ಯಾಂಗ ತಿರುಗಿ ಬಂದ?' ಎಂದು ಪಿಸುಗುಟ್ಟಿದರು. ನನಗೆ ಅವನ ಮೇಲೆ ಲಕ್ಷ್ಯವೇ ಇರಲಿಲ್ಲ. ನಾನು ನಿಮ್ಮನ್ನು ಹುಡುಕುತ್ತಿದ್ದೆ. ಬಾಜಾ ಬಾರಿಸುವವರಲ್ಲಿ ಹುಡುಕಿದೆ, ಸಂತೆಯ ಗದ್ದಲದಲ್ಲಿ ಹುಡುಕಿದೆ, ಕೊನೆಗೆ ಹೊಡೆದಾಟದಲ್ಲಿ ಸತ್ತು ಬಿದ್ದವರಲ್ಲೂ ಹುಡುಕಿದೆ. ಇಂಟರ್‌ವಲ್‌ನಲ್ಲಿ ಹೆಂಗಸರು 'ಎಲ್ಲದಾನ ನಿನ್ನ ಗಂಡ?' ಎಂದು ನಗತೊಡಗಿದಾಗ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಕೈಯಲ್ಲಿದ್ದ ಸೇಂಗಾ ಪೊಟ್ಟಣ ಎಸೆಯುತ್ತಿದ್ದೆ. ಮಾವನವರು ಖಾಲಿ ಪರದೆಯನ್ನೇ ನೋಡುತ್ತಿದ್ದರು.

ಆಮೇಲೆ ಆ ಕಣದ ದೃಶ್ಯ ಬಂತು. ಇಳಿಹೊತ್ತಿನ ಬಿಸಿಲು. ಹೀರೋ ಬುಟ್ಟಿ ಎತ್ತಿ ಜೋಳ ತೂರುತ್ತಾನೆ, ಹೊಟ್ಟು ಬಂಗಾರದ ಹೊಗೆಯಂತೆ ಹಾರಿ ಹೋಗುತ್ತದೆ. ಮಾತಿಲ್ಲ, ಹಾಡಿಲ್ಲ, ಕಾಳು ಬೀಳುವ ಸದ್ದು ಮಾತ್ರ. ನನಗೆ ಮಂಪರು ಬಂದಂತಾಯಿತು, ಟಾಕೀಸು ಕರಗಿ ನಮ್ಮ ಕಣದಲ್ಲೇ ಕೂತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಮಾವನವರು ಎದ್ದು ನಿಂತರು. 'ಅಂವ ನೋಡ್ರಿ ನನ್ನ ಮಗ ಮಹೇಶ, ತೂರಾಕತ್ತಾನ' ಎಂದರು. ಹಿಂದಿನವರು 'ಕುಂದರ್ರಿ ಕಾಕಾ' ಎಂದು ಕೂಗಿದರು. ಅತ್ತೆಯವರು ಧೋತರ ಹಿಡಿದು ಜಗ್ಗಿ, 'ನಿಮಗೇನು ಹುಚ್ಚು ಹಿಡದದೇನು? ಅದು ಹೀರೋ' ಎಂದರು. ಮಾವನವರು ಕೂರಲಿಲ್ಲ. 'ಮಾರಿ ಯಾರ್ದರ ಇರ್ಲಿ, ಹೆಗಲ ನಂದs ಅದ' ಎಂದರು.

ಆಗ ನೋಡಿದೆ. ಬುಟ್ಟಿ ಮೇಲೆ ಹೋದಂತೆ ಬಲ ಹೆಗಲು ವಾರೆಯಾಗಿ ಕೆಳಗಿಳಿಯುತ್ತಿತ್ತು. ಮಾವನವರು ಹರೆಯದಲ್ಲಿ ಬಂಡಿ ಉರುಳಿ ಹೆಗಲು ಮುರಿದುಕೊಂಡ ಮೇಲೆ ಹಾಗೆಯೇ ತೂರುತ್ತಾರೆ. ನಿಮ್ಮ ಹೆಗಲಿಗೆ ಯಾವತ್ತೂ ಏನೂ ಆಗಿಲ್ಲ. ಚಿಕ್ಕವರಿದ್ದಾಗ ಅವರ ಹಿಂದೆ ನಿಂತು ಕಲಿತಿರಿ, ಆ ವಾರೆಯನ್ನೂ ಕೂಡಿಸಿ ಕಲಿತಿರಿ. ಎಂಟು ವರ್ಷ ನಿಮ್ಮ ಸಂಗಡ ಬಾಳಿದ ನನಗೆ ನಿಮ್ಮ ಗುರುತು ಹತ್ತಲಿಲ್ಲ, ಮೂರು ವರ್ಷ ಮಾತು ಬಿಟ್ಟವರಿಗೆ ಹತ್ತಿತು. ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಅವತ್ತು ಸಂಜೆ ಫೋನು ಮಾಡಿ ಕೇಳಿದಾಗ ನಿಜ ಹೇಳಿದಿರಿ. ನಿಮ್ಮ ಮುಖಕ್ಕೆ ಚುಕ್ಕೆ ಅಂಟಿಸಿ ಓಡಿಸಿ, ಕುಣಿಸಿ, ತೂರಿಸಿ, ಆಮೇಲೆ ಆ ಹೀರೋನನ್ನು ಕುರ್ಚಿಯಲ್ಲಿ ಕೂರಿಸಿ ನಗಿಸಿ ಅಳಿಸಿ, ಅವನ ಮುಖವನ್ನು ಕಂಪ್ಯೂಟರಿನಲ್ಲಿ ನಲವತ್ತು ವರ್ಷ ಹಿಂದಕ್ಕೆ ಒಯ್ದು ನಿಮ್ಮ ಮೈಮೇಲೆ ಕೂರಿಸಿದರಂತೆ. ಸಿನಿಮಾ ಬರುವ ತನಕ ಬಾಯಿ ಬಿಡಬಾರದೆಂದು ಸಹಿ ಮಾಡಿಸಿಕೊಂಡಿದ್ದರಂತೆ. ಕಣದ ಗಾಳಿಯೂ ದೊಡ್ಡ ಪಂಖಾದ್ದಂತೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ನಿಮಗೆ ಒಪ್ಪುತ್ತದೆ ಬಿಡಿ. 'ಮಾರೀನs ಕಾಣ್ಸಲಿಲ್ಲ ಅಂದಮ್ಯಾಲೆ ಅಪ್ಪನ ಮುಂದ ಏನಂತ ಬರ್ಲಿ?' ಎಂದು ಕೇಳಿ, ನಾನು ಟಾಕೀಸಿನಲ್ಲಿ ನಡೆದದ್ದನ್ನು ಹೇಳುವ ಮೊದಲೇ ಫೋನು ಇಟ್ಟಿರಿ. ಈಗ ಹೇಳಿದ್ದೇನೆ. ಹಟಕ್ಕೂ ಒಂದು ಮಿತಿ ಇರಲಿ.

ಅವತ್ತಿನಿಂದ ನನಗೆ ಎಚ್ಚರ ಯಾವುದು, ಕನಸು ಯಾವುದು ತಿಳಿಯದಂತಾಗಿದೆ. ಮಧ್ಯಾಹ್ನ ಹೊಲದ ಬದುವಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತರೆ, ಜೋಳದ ನಡುವೆ ಯಾರೋ ಬರುತ್ತಿದ್ದಂತೆ ಕಾಣುತ್ತದೆ. ಒಮ್ಮೆ ಹೀರೋನ ಮುಖ, ಒಮ್ಮೆ ಮಾವನವರ ಹರೆಯದ ಮುಖ, ಒಮ್ಮೆ ಮುಖವೇ ಇಲ್ಲ. ನಾನು ಹೆದರುವುದಿಲ್ಲ, ಹೆಗಲು ನೋಡುತ್ತೇನೆ. ನೀವು ಬೇಕು ನನಗೆ. ಕೆರೆಯ ದಂಡೆಯ ಮೇಲಲ್ಲ, ಈ ಮನೆಯಲ್ಲಿ.

ಅತ್ತೆಯವರ ಆಶೀರ್ವಾದ, ಹಲ್ಲಿಲ್ಲದ ನಿಮ್ಮ ಮಗಳ ಮುತ್ತು, ಎರಡೂ ಈ ಕಾಗದದಲ್ಲಿವೆ. ಜೋಪಾನ.

ನಿಮ್ಮ ದಾರಿ ನೋಡುತ್ತಿರುವ
ಜಗದೇವಿ

ತಾ.ಕ.: ಪಂಡರಿ ಕಾಕಾ ಅಂಗಳದಲ್ಲಿ ಬಸ್ಸು ತಪ್ಪುತ್ತದೆಂದು ಕೂಗುತ್ತಿದ್ದಾರೆ. ಲಕೋಟೆ ಅಂಟಿಸುವಾಗ ಮಾವನವರು ಬಂದು ಹಿಂದೆ ನಿಂತು, 'ಅಂವಗೇನು? ಹಂಗಾದ್ರ ಬರಿ' ಎಂದರು. ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ: 'ನಿನ್ನ ಹೆಗಲ ಮುರದಿಲ್ಲ. ನನ್ನ ನೋಡಿ ತಪ್ಪು ಕಲತೀದಿ. ರಾಶಿಗೆ ಬಾ, ನೆಟ್ಟಗ ತೂರೋದು ಕಲಸ್ತೀನಿ.' ಇಷ್ಟು ಹೇಳಿ ಹೊರಗೆ ಹೋದರು. ಅವರು ಬರೆಸದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ರಾಶಿಯನ್ನೆಲ್ಲ ಮಷಿನ್ನು ಮಾಡಿದರೂ ಬೀಜದ ಜೋಳವನ್ನು ಅವರು ಕೈಯಿಂದಲೇ ತೂರುತ್ತಾರಲ್ಲ, ನಿನ್ನೆ ಖಾಲಿ ಬುಟ್ಟಿ ಹಿಡಿದು ಒಬ್ಬರೇ ಕಣದಲ್ಲಿ ಎತ್ತಿ ನೋಡುತ್ತಿದ್ದರು. ಈ ವರ್ಷ ಅವರ ಬಲಗೈ ಎದೆಯಿಂದ ಮೇಲೆ ಏಳುತ್ತಿಲ್ಲ.