ಸೊನ್ನೆಗೆ ಬಿದ್ದ ಮುಳ್ಳು

ಮದರಾಸು, ೧೨ ಆಗಸ್ಟ್ ೧೯೮೩

ಪಂಢರಿನಾಥ,

'ಪ್ರೀತಿಯ' ಎಂದು ಬರೆಯುವುದಿಲ್ಲ. ನೀನು ಸತ್ತು ತಿಂಗಳಾಯಿತು, ನನ್ನ ಸಿಟ್ಟು ಇಳಿದಿಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ನಾನು ಟೆಲ್ಲುರಿಯಂ ಚೂರೊಂದನ್ನು ಪ್ರೆಸ್ಸಿನಲ್ಲಿ ಹಿಂಡಿ, ಹೀಲಿಯಂನಲ್ಲಿ ತಣಿಸಿದಾಗ ವಿದ್ಯುತ್ ರೋಧ ಮಾಯವಾಗಿ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಅತಿವಾಹಕತೆ ಸಿಕ್ಕಿತೆಂದು ಕುಣಿದಾಡಿದೆ. "ಒಂದು ವೈರು ಇನ್ನೊಂದಕ್ಕೆ ತಾಗಿ ಶಾರ್ಟ್ ಆಗಿದೆ ಕಣೋ. ಮ್ಯಾಗ್ನೆಟ್ ಹಾಕಿ ನೋಡು, ಗೊತ್ತಾಗತ್ತೆ" ಎಂದು ನೀನು ನನ್ನ ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ 'ಶಾರ್ಟ್' ಎಂದು ಗೀಚಿದೆ. ಎಲ್ಲ ನಿನ್ನ ಹೊಟ್ಟೆಕಿಚ್ಚು. "ಪೋಡಾ, ಹೋಗೋ" ಎಂದ ನಾನು ಆಮೇಲೆ ನಿನ್ನೊಂದಿಗೆ ಮಾತಾಡಲಿಲ್ಲ. ಮ್ಯಾಗ್ನೆಟ್ಟೂ ಹಾಕಲಿಲ್ಲ.

ಇವತ್ತು ನಿನ್ನ ಸೊಕ್ಕು ಮುರಿಯಲೆಂದೇ ಮತ್ತೆ ಟೆಲ್ಲುರಿಯಂ ಹಿಂಡಿದೆ. ಮತ್ತೆ ಸೊನ್ನೆ. ಈ ಸಲ ಮ್ಯಾಗ್ನೆಟ್ ಹಾಕಿದೆ. ನಿಜವಾದ ಅತಿವಾಹಕತೆಯಾಗಿದ್ದರೆ ಮ್ಯಾಗ್ನೆಟ್ಟಿಗೆ ಅದು ಕೆಟ್ಟು, ರೋಧ ಮರಳಿ, ಮುಳ್ಳು ಮೇಲೇಳಬೇಕಿತ್ತು. ಏಳಲಿಲ್ಲ. ಬಿಚ್ಚಿ ನೋಡಿದರೆ ಎರಡು ವೈರು ಅಂಟಿಕೊಂಡಿದ್ದವು.

ಅವತ್ತಿನದು ಹಾಗಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಇವತ್ತಿನ ಪುಟದ ಮೇಲೆ ಮಾತ್ರ 'ಶಾರ್ಟ್' ಎಂದು ನಾನೇ ಬರೆದೆ. ನಿನ್ನ ಮೇಜಿನಲ್ಲಿದ್ದ ಕೆಂಪು ಪೆನ್ನು ಇನ್ನೂ ಬರೆಯುತ್ತದೆ, ದರಿದ್ರದ್ದು.

ಹರಿಹರ