ಅಪ್ಪ ಪಾಲಿಶ್ ಮಾಡಿದ ಕಟ್ಟೆ

ಮಹಾರಾಯ,

ನಿನಗೆ ಒಂದು ಮಾತು ಕೇಳುವ ತಾಳ್ಮೆ ಇರಲಿಲ್ಲ. ಅಡುಗೆಮನೆಯ ಅಮೃತಶಿಲೆ ಕಟ್ಟೆಗೆ ನೀನು ವಿನಿಗರ್ ಸುರಿದೆ. "ಕ್ರಿಮಿ ಸಾಯ್ಲಿ ಅಂತ ಕಣೇ ಅಕ್ಕ" ಅಂದೆ, ದೊಡ್ಡ ಡಾಕ್ಟರ್ ಹಾಗೆ.

ಹುಳಿ ಅಮೃತಶಿಲೆಯ ಹೊಳಪು ತಿನ್ನುತ್ತದೆ; ಇನ್ನು ಅದಕ್ಕೆ ಹುಳಿ, ಬ್ಲೀಚ್ ಮುಟ್ಟಿಸಬೇಡ. ಪಾತ್ರೆ ಸೋಪಿನ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸು. ಆಮೇಲೆ ಒಲೆ ಆರಿಸಿ, ಕಿಟಕಿ ತೆಗೆದು, ಮೆಡಿಕಲ್ ಶಾಪಿನ ಎಪ್ಪತ್ತು ಪರ್ಸೆಂಟ್ ಸ್ಪಿರಿಟ್ ಸಿಂಪಡಿಸು. ಐದು ನಿಮಿಷ ಬಿಟ್ಟು ನೀರಲ್ಲಿ ಒರೆಸಿ ಒಣಗಿಸು. ಅಪ್ಪನ ಶ್ವಾಸಕೋಶಕ್ಕೆ ಇನ್ನೊಂದು ಸೋಂಕು ತಡೆಯುವ ಶಕ್ತಿಯಿಲ್ಲ.

ಹಗಲೆಲ್ಲ ಊರವರ ಮನೆಯ ಕಲ್ಲು ಉಜ್ಜಿ ಬಂದು ಅಪ್ಪನೇ ಆ ಕಟ್ಟೆ ಪಾಲಿಶ್ ಮಾಡಿದ್ದು. ಕಲ್ಲಿನ ದೂಳು ಎದೆಗಿಳಿದ ಮೇಲೆ ಇನ್ನು ಅವರು ಪಾಲಿಶ್ ಮೆಷೀನ್ ಮುಟ್ಟುವಂತಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೈಯಾಡಿಸಿದರು. ಮಂಕಾದ ಕಲೆಗಳನ್ನು ಒಂದೊಂದಾಗಿ ಎಣಿಸಿದರು.

ಹನ್ನೊಂದು ಸಂಜೆ ಉಜ್ಜಿ ತಂದ ಹೊಳಪು. ಒಂಬತ್ತು ಕಡೆ ಹೋಗಿದೆ.