ಸಿಂಗಾಪುರಕ್ಕೆ ಹೊರಟವರು

ಏಪ್ರಿಲ್ 6

ಚಟ್ನಿಪುಡಿ ಕುಟ್ಟಿ ಆಯಿತು. ಹುರಿಹಿಟ್ಟು ಬೇಡವಂತೆ — ಸಿಂಗಾಪುರಕ್ಕೆ ಹೋಗಿ ಯಾರಮ್ಮಾ ತಿಂತಾರೆ ಅದನ್ನ ಎಂದು ಮಗಳು ಭವ್ಯ ರೇಗಿದಳು. ಅವಳಿಗೆ ಕಾಣದ ಹಾಗೆ ಸೂಟ್‌ಕೇಸಿನ ತಳಕ್ಕೆ ಒಂದು ಪ್ಯಾಕೆಟ್ ಸೇರಿಸಿದೆ. ಅತ್ತೆಗೆ ಬೇಕು.

ಈ ಸಲವಾದರೂ ಹೊರಡಬೇಕು. ಮೊದಲ ಸಲ ಕೊರೊನಾ ಬಂತು. ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಆಗ ಭವ್ಯ ಹೈಸ್ಕೂಲು. ಈಗ ಡಿಗ್ರಿ ಕೊನೇ ವರ್ಷ.

ಮಧ್ಯಾಹ್ನ ಒಂದು... ಹೇಗೆ ಬರೆಯಲಿ. ಇವರು ಉಂಡು ಅಂಗಡಿಗೆ ಹೊರಟಿದ್ದರು. ನೀರಿನ ಚೊಂಬು ಬಲಗೈಯಿಂದ ಜಾರಿತು. ಬಗ್ಗಿ ಎತ್ತಲು ಹೋದರು — ಬೆರಳು ಮಡಚಲಿಲ್ಲ. ಮುಖ ನೋಡಿದೆ. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಸರಿಹೋಯಿತು. ನಕ್ಕರು.

"ಜೋಮು ಹಿಡ್ಕಂಡಿತ್ತು ಕಣೆ. ಅದ್ಕ್ಯಾಕೆ ಹಂಗ್ ನೋಡ್ತೀಯ?"

ಜೋಮಿಗೆ ಬಾಯಿ ಸೊಟ್ಟಗಾಗುತ್ತದೆಯೇ?

ಏಪ್ರಿಲ್ 8

ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಸುಟ್ಟ ಮೋಟಾರು ಬಿಚ್ಚಿ ತಂತಿ ಸುತ್ತುತ್ತಿದ್ದರು. ಕಾಡಸಿದ್ದಪ್ಪ ಎನ್ನುವವರು, ಗಿರಾಕಿ, ಬೆಂಚಿನ ಮೇಲೆ ಕೂತಿದ್ದರು. "ಯಾವಾಗ ಬರ್ಲಿ ರುದ್ರಣ್ಣ?" ಎಂದರು. ಇವರು ಉತ್ತರ ಕೊಟ್ಟರು. ಅದು ಮಾತೇ ಅಲ್ಲ. ಬಾಯಲ್ಲಿ ಹತ್ತಿ ತುರುಕಿದ ಹಾಗೆ. "ಎಲೆ ಅಡಿಕೆ ಉಗಿದು ಮಾತಾಡಣ್ಣೋ" ಎಂದು ಅವರು ನಕ್ಕರು. ಇವರ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

ಗಿರಾಕಿ ಹೋದ ಮೇಲೆ ಒಳಗೆ ಕರೆದೆ. ಈಗಲೇ ತುಮಕೂರಿಗೆ ಹೋಗೋಣ, ಡಾಕ್ಟರಿಗೆ ತೋರಿಸೋಣ ಎಂದೆ. ಅಷ್ಟು ಹೊತ್ತಿಗೆ ಮಾತು ನೆಟ್ಟಗಾಗಿತ್ತು.

"ಡಾಕ್ಟ್ರು ಏನಂತಾರೆ? ವಿಮಾನ ಹತ್ತಬ್ಯಾಡ ಅಂತಾರೆ. ಅವ್ವಂಗೆ ಸಮುದ್ರ ತೋರುಸ್ತೀನಿ ಅಂದು ಎಷ್ಟ್ ವರ್ಸ ಆಯ್ತು? ಬಂದ್ಮ್ಯಾಲೆ ನೀನ್ ಹೇಳ್ದ ಆಸ್ಪತ್ರೆಗೆ ಬತ್ತೀನಿ. ಯಾರ್ಗೂ ಹೇಳ್ಬ್ಯಾಡ. ಭವ್ಯನ್ ಮ್ಯಾಲೆ ಆಣೆ."

ಕೈ ಮುಂದೆ ಚಾಚಿದರು. ಇಟ್ಟುಬಿಟ್ಟೆ. ಯಾಕೆ ಇಟ್ಟೆ?

ಏಪ್ರಿಲ್ 13

ಏನೂ ಆಗಿಲ್ಲ. ಹಗಲೆಲ್ಲ ಅವರ ಬಾಯನ್ನೇ ನೋಡುತ್ತೇನೆ. ಸುಮ್ಮಸುಮ್ಮನೆ ಮಾತಾಡಿಸುತ್ತೇನೆ. ಉಪ್ಪು ಸಾಕಾ, ಖಾರ ಸಾಕಾ. ಬೇಜಾರಾಗಿ ಎದ್ದು ಹೋಗುತ್ತಾರೆ. ಬಿಪಿ ಮಾತ್ರೆ ನಾನೇ ಕೈಗೆ ಹಾಕುತ್ತಿದ್ದೇನೆ.

ಅತ್ತೆಗೆ ಹೊಸ ಶೂ ಬಂದಿದೆ. ಅಂಗಳದಲ್ಲಿ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಪಕ್ಕದ ಮನೆಯವರಿಗೆಲ್ಲ ಕಾಲು ಎತ್ತಿ ತೋರಿಸಿದ್ದಾಯಿತು. ಅಷ್ಟು ಖುಷಿಯಾಗಿ ಅವರನ್ನು ಎಂದೂ ನೋಡಿಲ್ಲ. ಹೇಗೆ ಬಾಯಿ ಬಿಡಲಿ? ಹೇಳಿದರೆ ಆಣೆ ಮುರಿದ ಹಾಗೆ. ಹೇಳದಿದ್ದರೆ...

ಏಪ್ರಿಲ್ 15, ಬೆಳಗ್ಗೆ, ಕಾರಿನಲ್ಲಿ

ಕೊರಟಗೆರೆಯಲ್ಲಿ ನಿಲ್ಲಿಸಿದ್ದೇವೆ. ಇಡ್ಲಿ. ಇವರು ಬಲಗೈಯಲ್ಲೇ ತಿಂದರು. ನೆಟ್ಟಗೆ. ಭವ್ಯ ಫೋಟೋ ತೆಗೆಯುತ್ತಲೇ ಇದ್ದಾಳೆ. "ಅಮ್ಮಾ, ಸ್ವಲ್ಪ ನಗು. ಸಾವಿನ ಮನೆಗೆ ಹೊರಟಿರೋ ಥರ ಇದೀಯ" ಎಂದಳು.

ಫೋಟೋಗೆಂದು ಹಲ್ಲು ಬಿಟ್ಟೆ.

ಏಪ್ರಿಲ್ 15, ಏರ್‌ಪೋರ್ಟ್

ಪಾಸ್‌ಪೋರ್ಟಿಗೆ ಸೀಲು ಬಿತ್ತು. ಗೇಟಿನ ಹತ್ತಿರ ಕೂತಿದ್ದೇವೆ. ಗಾಜಿನಾಚೆ ವಿಮಾನ. ಅತ್ತೆ, ಮೊಮ್ಮಗಳು ಅದನ್ನೇ ನೋಡುತ್ತಾ ನಿಂತಿದ್ದಾರೆ.

ಇವರು ಈಗ ತಾನೇ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಶಶಿ, ಎಡಗಣ್ಣಾಗೆ ಕತ್ಲೆ ಕಣೆ. ಪರದೆ ಇಳಿಬಿಟ್ಟಂಗೆ."

ಅಕ್ಷರ ನೆಟ್ಟಗಿಲ್ಲ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಬೇಕು. ಅಲ್ಲಿ ಯಾರನ್ನು ಕೂಗಲಿ? ಕ್ಯೂ ಶುರುವಾಯಿತು. ಎದ್ದರು. ಕರೆಯುತ್ತಿದ್ದಾರೆ —

ಏಪ್ರಿಲ್ 16, ಬೆಂಗಳೂರು, ಆಸ್ಪತ್ರೆ

ಐಸಿಯು ಹೊರಗಿನ ಬೆಂಚು. ನಿನ್ನೆಯದನ್ನು ಬರೆದಿಡದಿದ್ದರೆ ತಲೆ ಸಿಡಿಯುತ್ತದೆ.

ಕ್ಯೂನಲ್ಲಿ ನಮ್ಮ ಸರದಿ ಬಂತು. ಬೋರ್ಡಿಂಗ್ ಪಾಸು ಕೇಳಿದ ಹುಡುಗಿಗೆ ಹೇಳಿಬಿಟ್ಟೆ. "ನಾವು ಹತ್ತಲ್ಲ. ನಮ್ಮ ಯಜಮಾನರಿಗೆ ಹುಷಾರಿಲ್ಲ. ಡಾಕ್ಟ್ರನ್ನ ಕರೀರಿ."

"ನಂಗೇನೂ ಆಗಿಲ್ಲ ಮೇಡಂ. ಇವ್ಳಿಗೆ ವಿಮಾನ ಅಂದ್ರೆ ಭಯ" ಎಂದರು ಇವರು. ಮಾತು ಸ್ಪಷ್ಟ. ಎರಡೂ ಕೈ ಎತ್ತಿ ತೋರಿಸಿದರು. ಎರಡೂ ಎದ್ದವು. ಹುಡುಗಿ ನಕ್ಕಳು. ಹಿಂದಿದ್ದವರು ಗೊಣಗಿದರು. ನನಗೇ ಅನುಮಾನ ಬಂತು.

ಭವ್ಯ ಚೀರಿದಳು. "ಏನಮ್ಮಾ ಇದು? ಎಲ್ಲರ ಮುಂದೆ!"

ಆಣೆಯ ಮಾತು ಹೇಳಿದೆ. ಚೊಂಬು, ಅಂಗಡಿ, ಕಣ್ಣು, ಎಲ್ಲ. ಇವರು ನನ್ನ ಕಡೆ ಒಂದು ನೋಟ ನೋಡಿದರು. ಮದುವೆಯಾದ ಮೇಲೆ ಎಂದೂ ಹಾಗೆ ನೋಡಿರಲಿಲ್ಲ.

ಅತ್ತೆ ಕ್ಯೂ ನಡುವೆ, ನೆಲದ ಮೇಲೆ ಕೂತರು. ಶೂ ಬಿಚ್ಚತೊಡಗಿದರು.

"ಅವ್ವಾ, ಏಳು. ಜನ ನೋಡ್ತಾವ್ರೆ."

"ನೋಡ್ಲಿ ಬುಡು. ಅಯ್ಯೋ ದೇವುಡಾ, ಇಂಥಾದ್ ಮುಚ್ಚಿಟ್ಕಂಡು ನನ್ನ ಸಮುದ್ರಕ್ಕೆ ಕರ್ಕಂಡೋಗ್ತಿದ್ಯೇನ್ಲಾ? ನಾನ್ ಬರಕಿಲ್ಲ. ನನ್ ಬುಟ್ಟು ನೀನೆಂಗೆ ಹೋಗ್ತೀಯೋ ನೋಡ್ತೀನಿ."

ಅತ್ತೆ ಕೂತಲ್ಲಿಂದ ಏಳದಿದ್ದಕ್ಕೆ ಇವರು ಡಾಕ್ಟರಿಗೆ ತೋರಿಸಲು ಒಪ್ಪಿದರು. ಏರ್‌ಪೋರ್ಟಿನ ಡಾಕ್ಟರು ಬಿಪಿ ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದರು. ದಾರಿಯಲ್ಲಿ, ನನ್ನನ್ನು ಬೈಯುತ್ತಾ ಇದ್ದಂತೆಯೇ, ಮಾತು ನಿಂತಿತು. ಬಲಗೈ, ಬಲಗಾಲು ಹಾಗೇ ಬಿದ್ದುಹೋದವು. ಕಣ್ಣು ಮಾತ್ರ ನನ್ನ ಮೇಲೆ.

ಬಂದ ಕೂಡಲೇ ಇಂಜೆಕ್ಷನ್ ಕೊಟ್ಟರು. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುತ್ತದಂತೆ. "ಟೈಮಿಗೆ ಬಂದ್ರಿ. ಫ್ಲೈಟಲ್ಲಿ ಆಗಿದ್ರೆ ನಾವೇನೂ ಮಾಡೋಕಾಗ್ತಿರ್ಲಿಲ್ಲ" ಎಂದರು ಡಾಕ್ಟರು. ಬೆಳಗ್ಗೆ ಬಲಗೈ ಬೆರಳು ಅಲ್ಲಾಡಿತು. ಮಾತಿಲ್ಲ.

ಭವ್ಯ ಪಕ್ಕದಲ್ಲಿ ಕೂತಿದ್ದಾಳೆ. "ನನ್ ಮೇಲೆ ಆಣೆ ಹಾಕಿಸ್ಕೊಂಡ್ರಾ ಅಪ್ಪ?" ಎಂದಳು. ಹೂಂ ಎಂದೆ. ನನ್ನ ಭುಜಕ್ಕೆ ತಲೆ ಒರಗಿಸಿದಳು. ಅವಳ ಹಣೆ ಮುಟ್ಟಿ ನೋಡಿದೆ. ಜ್ವರವೇನೂ ಇಲ್ಲ. ಆದರೂ ಮತ್ತೆ ಮತ್ತೆ ಮುಟ್ಟುತ್ತಿದ್ದೇನೆ.

ಏಪ್ರಿಲ್ 20

ಕತ್ತಿನ ರಕ್ತನಾಳ ಕಟ್ಟಿಕೊಂಡಿದೆಯಂತೆ. ಅದನ್ನು ಬಿಡಿಸಲು ಇವತ್ತು ಆಪರೇಷನ್. ಒಳಗೆ ಕರೆದುಕೊಂಡು ಹೋಗಿ ಯಾವ ಕಾಲವಾಯಿತು. ಮಾತು ಬರಬಹುದು, ಬರದೆಯೂ ಇರಬಹುದು, ಈಗಲೇ ಹೇಳಲಾಗದು ಎಂದರು. ಇಷ್ಟು ದಿನ ಅವರ ಬಾಯಿಂದ ಬರೀ ಗೊರಗೊರ ಸದ್ದು.

ಅತ್ತೆ ಬರಿಗಾಲಲ್ಲಿ ಕಾರಿಡಾರಿನ ಉದ್ದಕ್ಕೂ ನಡೆಯುತ್ತಿದ್ದಾರೆ. ಭವ್ಯ ಕಾಫಿ ತರಲು ಹೋಗಿದ್ದಾಳೆ. ಆ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತೇನೆ. ಬದುಕಿ ಬಂದು, ನನ್ನ ಜೊತೆ ಮಾತೇ ಆಡದಿದ್ದರೆ? ಮಾತು ಬರದೆ ಅಲ್ಲ, ಬೇಡವೆಂದು?

ಬಾಗಿಲು ತೆರೆಯಿತು. ನರ್ಸು. ಎಲ್ಲರ ಮುಖ ನೋಡುತ್ತಿದ್ದಾಳೆ.

"ಇಲ್ಲಿ ಶಶಿ ಅಂದ್ರೆ ಯಾರು? ಪೇಷಂಟ್ ಆ ಹೆಸರೇ ಹೇಳಿ ಕರೀತಿದಾರೆ."

ಶಶಿ ಅಂದರೆ ನಾ—